ಮರದ ಕ್ಯಾಮೆರಾದ ಹಳೆಯ ಚರ್ಮ: ಕಿತ್ತು ಮರವನ್ನು ತೋರಿಸುವುದೋ, ಮತ್ತೆ ಹೊದಿಸುವುದೋ?

ಕಪ್ಪುಪೆಟ್ಟಿಗೆ

ಎಲ್ಲರಿಗೂ ನಮಸ್ಕಾರ. ಇಪ್ಪತ್ತನೆಯ ಶತಮಾನದ ಮೊದಲ ದಶಕಗಳದ್ದೆಂದು ತೋರುವ ಒಂದು ಮಡಚುವ ಪ್ಲೇಟ್ ಕ್ಯಾಮೆರಾ ನನ್ನ ಕೈ ಸೇರಿದೆ. ತಯಾರಕರ ಹೆಸರಿನ ಬಿಲ್ಲೆ ಎಂದೋ ಬಿದ್ದುಹೋಗಿದೆ. ಅದು ಕ್ವಾರ್ಟರ್ ಪ್ಲೇಟ್ ಅಳತೆಯದು, ಅಂದರೆ 3¼ ಇಂಚು ಅಗಲ, 4¼ ಇಂಚು ಉದ್ದದ ಗಾಜಿನ ಪ್ಲೇಟು ಹಿಡಿಯುವಂಥದ್ದು. ಮುಚ್ಚಳವನ್ನು ತೆರೆದರೆ ಒಳಗಿನ ಹಲಗೆ ಇಂದಿಗೂ ಹೊಳೆಯುವ ಮಹಾಗನಿ, ಅದರ ಮೇಲೆ ಹಿತ್ತಾಳೆಯ ಹಳಿಗಳು. ಹೊರಮೈಗೆ ಮಾತ್ರ ಕಪ್ಪು ಚರ್ಮವನ್ನು ಹೊದಿಸಿದ್ದಾರೆ.

ತೊಂದರೆ ಇರುವುದು ಈ ಚರ್ಮದಲ್ಲಿಯೇ. ಮುಟ್ಟಿದರೆ ಬೆರಳಿಗೆ ಕೆಂಗಂದು ಪುಡಿ ಅಂಟುತ್ತದೆ, ಕೀಲಿನ ಪಕ್ಕದಲ್ಲಿ ಉದ್ದಕ್ಕೆ ಹರಿದಿದೆ, ಹಿಂಬದಿಯಲ್ಲಿ ಅಲ್ಲಲ್ಲಿ ಮೊಡವೆಗಳಂತೆ ಉಬ್ಬಿದೆ. ಒಂದು ಉಬ್ಬಿನ ತುದಿ ಒಡೆದು ಹಸಿರು ಬಣ್ಣ ಇಣುಕುತ್ತಿದೆ. ಲೆನ್ಸಿಗೂ ಹಿಂಬದಿಗೂ ನಡುವೆ ಹಿಗ್ಗಿ ಕುಗ್ಗುವ ಮಡಿಕೆಗಳ ಚೀಲದ, ಅಂದರೆ ಬೆಲೋಸಿನ, ಮೂಲೆಗಳಲ್ಲಿಯೂ ಸಣ್ಣ ತೂತುಗಳಿರುವ ಅನುಮಾನವಿದೆ. ಪರಿಚಿತರೊಬ್ಬರು ಚರ್ಮವನ್ನೆಲ್ಲ ಕೆರೆದು ತೆಗೆದು, ಉಜ್ಜುಕಾಗದ ಹಾಕಿ, ಮಹಾಗನಿಗೆ ವಾರ್ನಿಷ್ ಬಳಿದುಬಿಡಿ ಎಂದು ಸಲಹೆ ಕೊಟ್ಟಿದ್ದಾರೆ. ಹಾಗೆ ಮಾಡಿದ ಕ್ಯಾಮೆರಾಗಳ ಚಿತ್ರಗಳನ್ನು ನೋಡಿ ನನಗೂ ಆಸೆಯಾಗಿದೆ ಎಂಬುದನ್ನು ಮುಚ್ಚಿಡುವುದಿಲ್ಲ. ಆದರೆ ನಾನು ಇದನ್ನು ಕಪಾಟಿನಲ್ಲಿ ಇಡುವವನಲ್ಲ, ಇದರಲ್ಲಿ ಚಿತ್ರ ತೆಗೆಯಬೇಕೆಂದಿರುವವನು. ಅನುಭವಿಗಳು ದಾರಿ ತೋರಿಸಬೇಕೆಂದು ಕೇಳಿಕೊಳ್ಳುತ್ತೇನೆ.

ಉಳಿಬಾಚಿ

ದಯವಿಟ್ಟು ಉಜ್ಜುಕಾಗದವನ್ನು ಸದ್ಯಕ್ಕೆ ದೂರವಿಡಿ. ಆ ಕಾಲದ ಕ್ಯಾಮೆರಾ ಕಾರ್ಖಾನೆಗಳಲ್ಲಿ ಮರಗೆಲಸ ಎರಡು ಬಗೆಯದಾಗಿತ್ತು. ಮುಕ್ಕಾಲಿಯ ಮೇಲೆ ನಿಲ್ಲಿಸುವ ದೊಡ್ಡ ಕ್ಯಾಮೆರಾಗಳ ಮರ ಹೊರಗೆ ಕಾಣುತ್ತಿದ್ದುದರಿಂದ ಅದರ ಎಳೆ ಮತ್ತು ಬಣ್ಣವನ್ನು ನೋಡಿ ಆರಿಸಿ, ಅರಗಿನ ಮೆರುಗು ಕೊಡುತ್ತಿದ್ದರು. ಕೈಯಲ್ಲಿ ಹಿಡಿಯುವ ಕ್ಯಾಮೆರಾಗಳ ಪೆಟ್ಟಿಗೆ ಚರ್ಮದಡಿಯಲ್ಲಿ ಅಡಗುತ್ತಿದ್ದುದರಿಂದ ಅಲ್ಲಿ ಮರ ಒಣಗಿದ್ದು ಬಾಗದಿದ್ದರೆ ಸಾಕಾಗಿತ್ತು. ಚರ್ಮವನ್ನು ಕಿತ್ತವರಿಗೆ ಹೆಚ್ಚಾಗಿ ಸಿಗುವುದು ಮೊಳೆಯ ತಲೆಗಳು, ಪುಟ್ಟಿ ತುಂಬಿದ ಗುಳಿಗಳು, ಅಂಟಿನ ಕಲೆಗಳು ಮತ್ತು ಬಣ್ಣ ಹೊಂದದ ತುಂಡುಗಳು.

ಮರವನ್ನು ಬಯಲಾಗಿ ಬಿಟ್ಟೇ ಮಾರುತ್ತಿದ್ದ ಕೈಕ್ಯಾಮೆರಾಗಳೂ ಇದ್ದವು ನಿಜ. ‘ಟ್ರಾಪಿಕಲ್’ ಎಂದು ಕರೆಯುತ್ತಿದ್ದ ಅವುಗಳನ್ನು ಬಿಸಿಲು ಮತ್ತು ತೇವದ ನಾಡುಗಳಿಗೆಂದು ತೇಗದಲ್ಲಿ ಅಥವಾ ಒಳ್ಳೆಯ ಮಹಾಗನಿಯಲ್ಲಿ ಮಾಡುತ್ತಿದ್ದರು. ಅಂಥ ಹವೆಯಲ್ಲಿ ಅಂಟು ಬಿಡುತ್ತದೆ, ಚರ್ಮಕ್ಕೆ ಬೂಷ್ಟು ಹಿಡಿಯುತ್ತದೆ, ಹುಳು ತಿನ್ನುತ್ತದೆ; ಆದ್ದರಿಂದ ಹೊದಿಕೆಯನ್ನೇ ಬಿಟ್ಟು, ಮೂಲೆಗಳಿಗೆ ಹಿತ್ತಾಳೆಯ ಪಟ್ಟಿ ಬಿಗಿದು, ಅಂಟಿನ ಜೊತೆಗೆ ಸ್ಕ್ರೂಗಳನ್ನೂ ಹಾಕುತ್ತಿದ್ದರು. ಸ್ಯಾಂಡರ್ಸನ್ ಕ್ಯಾಮೆರಾದ ಟ್ರಾಪಿಕಲ್ ಮಾದರಿ ಇದಕ್ಕೆ ಒಳ್ಳೆಯ ಉದಾಹರಣೆ. ಅದು ಮೊದಲಿನಿಂದಲೇ ಹಾಗೆ ಯೋಚಿಸಿ ಕಟ್ಟಿದ ಪೆಟ್ಟಿಗೆ. ನಿಮ್ಮದನ್ನು ಕೆರೆದು ಅದರಂತೆ ಕಾಣಿಸಬಹುದೇ ಹೊರತು ಅದರಂತೆ ಬಾಳಿಸಲಾಗುವುದಿಲ್ಲ.

ಇನ್ನೊಂದು ಮಾತನ್ನು ಬಹಳ ಮಂದಿ ಗಮನಿಸುವುದಿಲ್ಲ. ಚಿಲಕ, ಕೀಲು, ಹಿಡಿಕೆಯ ಕುಣಿಕೆ ಇವೆಲ್ಲ ಚರ್ಮದ ದಪ್ಪವನ್ನು ಲೆಕ್ಕಕ್ಕೆ ಹಿಡಿದು ಕೂರಿಸಿದವು. ಚರ್ಮ ಹೋದರೆ ಚಿಲಕ ಸಡಿಲವಾಗುತ್ತದೆ, ಸ್ಕ್ರೂವಿನ ತುದಿ ಒಳಗಡೆ ಹೊರಬಂದು ಬೆಲೋಸಿಗೆ ಚುಚ್ಚಲೂಬಹುದು. ಹೊಸ ಚರ್ಮ ದಪ್ಪವಾದರೂ ಅಷ್ಟೇ, ಮುಚ್ಚಳ ಮುಚ್ಚುವುದೇ ಇಲ್ಲ.

ಏನನ್ನೂ ಬಿಚ್ಚುವ ಮೊದಲು ನಾಲ್ಕೂ ಬದಿಯ ಚಿತ್ರ ತೆಗೆದುಕೊಳ್ಳಿ. ಒಂದು ರಟ್ಟಿನ ಮೇಲೆ ಕ್ಯಾಮೆರಾದ ರೇಖಾಚಿತ್ರ ಬರೆದು, ಬಿಚ್ಚಿದ ಪ್ರತಿ ಸ್ಕ್ರೂವನ್ನು ಅದರದರ ಜಾಗದಲ್ಲಿ ಚುಚ್ಚಿಡಿ, ಏಕೆಂದರೆ ಒಂದೇ ಕೀಲಿನ ಎರಡು ಸ್ಕ್ರೂಗಳ ಉದ್ದ ಬೇರೆಯಾಗಿರುವುದು ಅಪರೂಪವಲ್ಲ. ಸ್ಕ್ರೂಡ್ರೈವರಿನ ಬಾಯಿ ಸೀಳಿನ ಅಗಲಕ್ಕೂ ದಪ್ಪಕ್ಕೂ ಸರಿಯಾಗಿ ಕೂರಬೇಕು. ಬಿಗಿದುಕೊಂಡ ಹಿತ್ತಾಳೆಯ ಸ್ಕ್ರೂವಿನ ತಲೆಗೆ ಕಾದ ಬೆಸುಗೆ ಕಡ್ಡಿಯ ತುದಿಯನ್ನು ಸ್ವಲ್ಪ ಹೊತ್ತು ತಾಗಿಸಿ, ಆರಿದ ಮೇಲೆ ತಿರುಗಿಸಿದರೆ ಸಾಮಾನ್ಯವಾಗಿ ಬರುತ್ತದೆ.

ಪುಟಬಂಧ

ನಾನು ಪುಸ್ತಕಗಳಿಗೆ ಚರ್ಮದ ಹೊದಿಕೆ ಕಟ್ಟುವವನು, ಕ್ಯಾಮೆರಾಗಳ ನಂಟು ಅಲ್ಲಿಂದಲೇ ಬಂದದ್ದು. ನಿಮ್ಮ ಬೆರಳಿಗೆ ಅಂಟುತ್ತಿರುವ ಕೆಂಪು ಪುಡಿಗೆ ನಮ್ಮ ಕಸುಬಿನಲ್ಲಿ ‘ರೆಡ್ ರಾಟ್’ ಎನ್ನುತ್ತಾರೆ. ಮರದ ತೊಗಟೆಯ ಒಗರಿನಿಂದ ಹದ ಮಾಡಿದ ಚರ್ಮವು ಗಾಳಿಯಲ್ಲಿರುವ ಗಂಧಕದ ಹೊಗೆಯನ್ನು ಹೀರಿಕೊಂಡು, ಒಳಗೊಳಗೇ ಆಮ್ಲ ಹುಟ್ಟಿ, ನಾರುಗಳು ತುಂಡಾಗುವ ಸ್ಥಿತಿ ಅದು. ಇದನ್ನು ಹಿಂದಕ್ಕೆ ತಿರುಗಿಸಲಾಗುವುದಿಲ್ಲ. ಎಣ್ಣೆ ಅಥವಾ ಪಾಲಿಶ್ ಉಜ್ಜಿದರೆ ಎರಡು ದಿನ ಕಪ್ಪಗೆ ಹೊಳೆದು ಆಮೇಲೆ ಇನ್ನಷ್ಟು ಕೆಡುತ್ತದೆ, ಅಲ್ಲದೆ ಮುಂದೆ ಯಾವ ಅಂಟೂ ಹಿಡಿಯುವುದಿಲ್ಲ.

ಹಾಗೆಂದು ಎಲ್ಲವನ್ನೂ ಕೀಳಬೇಕಾಗಿಲ್ಲ. ಹೈಡ್ರಾಕ್ಸಿಪ್ರೊಪೈಲ್ ಸೆಲ್ಯುಲೋಸ್ ಎಂಬ ಪುಡಿಯನ್ನು ಶುದ್ಧ ಆಲ್ಕೋಹಾಲಿನಲ್ಲಿ ನೂರಕ್ಕೆ 2 ಭಾಗದಂತೆ ಕರಗಿಸಿ, ಮೆತ್ತನೆಯ ಕುಂಚದಿಂದ ಹಚ್ಚಿದರೆ ಪುಡಿ ಉದುರುವುದು ನಿಲ್ಲುತ್ತದೆ. ಕರಗಿಸಲು ನೀರನ್ನು ಬಳಸಬೇಡಿ. ಕೆಟ್ಟ ಚರ್ಮಕ್ಕೆ ನೀರು ತಾಗಿದರೆ ಅದು ಕಪ್ಪಾಗಿ ಗಟ್ಟಿಯಾಗುತ್ತದೆ. ಮೊದಲು ಕಾಣದ ಮೂಲೆಯಲ್ಲಿ ಪರೀಕ್ಷಿಸಿ. ಆಲ್ಕೋಹಾಲು ಒಳಗಿನ ಮಹಾಗನಿಯ ಅರಗಿನ ಮೆರುಗಿಗೆ ತಾಗಿದರೆ ಮೆರುಗು ಕರಗುತ್ತದೆ ಎಂಬ ಎಚ್ಚರವಿರಲಿ. ನಿಮ್ಮ ವಿವರಣೆಯನ್ನು ನೋಡಿದರೆ ಮುಚ್ಚಳದ ಮತ್ತು ಎರಡು ಬದಿಗಳ ಚರ್ಮವನ್ನು ಹೀಗೆ ಉಳಿಸಿಕೊಂಡು, ಕೀಲಿನ ಬದಿ ಹಾಗೂ ಹಿಂಬದಿಗೆ ಮಾತ್ರ ಹೊಸದನ್ನು ಹಾಕಬಹುದೆನಿಸುತ್ತದೆ.

ಅದು ನಿಜವಾದ ಚರ್ಮವೇ ಎಂಬುದನ್ನು ಖಚಿತಪಡಿಸಿಕೊಳ್ಳುವುದೂ ಅಗತ್ಯ. 1888ರ ಮೊದಲ ಕೊಡಕ್ ಕ್ಯಾಮೆರಾ ಚರ್ಮ ಹೊದಿಸಿದ ಮರದ ಪೆಟ್ಟಿಗೆಯಾಗಿತ್ತು. ಅದೇ ಸಂಸ್ಥೆಯವರು 1900ರಲ್ಲಿ ತಂದ ಬ್ರೌನಿ ಕೃತಕ ಚರ್ಮ ಹೊದಿಸಿದ ರಟ್ಟಿನ ಪೆಟ್ಟಿಗೆ. ನಿಮ್ಮ ಕ್ಯಾಮೆರಾದ ಕಾಲದಲ್ಲಿ ಎರಡೂ ಬಳಕೆಯಲ್ಲಿದ್ದವು. ಹರಿದ ಅಂಚಿನಲ್ಲಿ ಬಟ್ಟೆಯ ನೇಯ್ಗೆ ಕಂಡರೆ ಅದು ಕೃತಕ. ಅದು ಪುಡಿಯಾಗುವುದಿಲ್ಲ, ಬಿರಿದು ಹಕ್ಕಳೆ ಏಳುತ್ತದೆ. ಅದರ ಲೇಪನ ನೈಟ್ರೋಸೆಲ್ಯುಲೋಸ್ ಆಗಿರಬಹುದಾದ್ದರಿಂದ ಅಸಿಟೋನ್ ತಾಗಿಸಬಾರದು, ಬೆಂಕಿಯ ಹತ್ತಿರ ಒಯ್ಯಲೇಬಾರದು. ನಿಮ್ಮದರಲ್ಲಿ ನಾರು ಕಾಣುವುದಾದರೆ ಅದು ಮೊರಾಕೋ ಎನ್ನುವ ಆಡಿನ ಚರ್ಮವಿರಬಹುದು.

ಬಯಲುಮರ

ನಾನು ಇದಕ್ಕೆ ವಿರುದ್ಧವಾದ ಸಾಕ್ಷಿ. 1947ರ ನಂತರದ ಪೇಸ್‌ಮೇಕರ್ ಮಾದರಿಯ ಸ್ಪೀಡ್ ಗ್ರಾಫಿಕ್ ಕ್ಯಾಮೆರಾದ ಚರ್ಮವನ್ನು ಪೂರ್ತಿ ತೆಗೆದು, ಒಳಗಿನ ಮಹಾಗನಿಗೆ ಅರಗಿನ ಮೆರುಗು ಕೊಟ್ಟು ವರ್ಷಗಳಿಂದ ಬಳಸುತ್ತಿದ್ದೇನೆ. ನೋಡಿದವರೆಲ್ಲ ಕೈಯಿಟ್ಟು ಸವರುತ್ತಾರೆ. ಲಕ್ಷಗಟ್ಟಲೆ ತಯಾರಾದ ವಸ್ತುವಿಗೂ ವಸ್ತುಸಂಗ್ರಹಾಲಯದ ನಿಯಮವನ್ನೇ ಹೇರಿದರೆ ಮೂಗಿಗಿಂತ ಮೂಗುತಿ ಭಾರವಾದಂತೆ. ಚರ್ಮ ಹೇಗೂ ಸತ್ತಿದೆಯಲ್ಲವೇ?

ಉಳಿಬಾಚಿ

ಬಯಲುಮರ ಅವರೇ, ನಿಮ್ಮ ಕ್ಯಾಮೆರಾ ಚೆನ್ನಾಗಿರುತ್ತದೆ ಎಂಬುದರಲ್ಲಿ ನನಗೆ ಅನುಮಾನವಿಲ್ಲ, ಮತ್ತು ಸಾವಿರಾರು ಉಳಿದಿರುವ ಮಾದರಿಯಲ್ಲಿ ಒಂದನ್ನು ಹಾಗೆ ಮಾಡಿದ್ದಕ್ಕೆ ನನ್ನ ತಕರಾರೂ ಇಲ್ಲ. ಆದರೆ ಇವರದು ಹೆಸರಿನ ಬಿಲ್ಲೆ ಬಿದ್ದುಹೋದ ಕ್ಯಾಮೆರಾ. ಚರ್ಮದ ಮೇಲಿನ ಅಚ್ಚು, ಅಂಚು ಮಡಚಿದ ರೀತಿ, ಅಂಟು, ಒಳಗಿನ ಗುರುತುಗಳು ಇವಿಷ್ಟೇ ಅದರ ತಯಾರಕರನ್ನು ಪತ್ತೆ ಹಚ್ಚಲು ಉಳಿದಿರುವ ಸುಳಿವು. ಅದನ್ನು ಉಜ್ಜುಕಾಗದಕ್ಕೆ ಕೊಡುವುದು ನನಗೆ ಒಪ್ಪಿಗೆಯಿಲ್ಲ.

ಕಪ್ಪುಪೆಟ್ಟಿಗೆ

ಎಲ್ಲರ ಮಾತನ್ನೂ ಎರಡೆರಡು ಸಲ ಓದಿದೆ. ಮರವನ್ನು ಬಯಲಿಗಿಡುವ ಆಸೆಯನ್ನು ಬಿಟ್ಟಿದ್ದೇನೆ. ಪುಟಬಂಧ ಅವರು ಹೇಳಿದಂತೆ ಮೂರು ಬದಿಗಳನ್ನು ಉಳಿಸಿಕೊಂಡು, ಹಿಂಬದಿ ಮತ್ತು ಕೀಲಿನ ಬದಿಯ ಚರ್ಮವನ್ನು ಮೊಂಡಾದ ತೆಳು ಅಲಗಿನಿಂದ ಎಬ್ಬಿಸಿ ತೆಗೆದೆ. ಅರ್ಧದಷ್ಟು ಒಂದೇ ಹಾಳೆಯಾಗಿ ಬಂತು, ಉಳಿದದ್ದು ಪುಡಿಯಾಯಿತು. ಕೆಳಗಿನ ಮರದ ಮೇಲೆ ಪೆನ್ಸಿಲಿನಲ್ಲಿ ಬರೆದ ಎರಡಂಕಿಯ ಒಂದು ಸಂಖ್ಯೆ ಕಾಣಿಸಿತು. ಅದೇ ಸಂಖ್ಯೆ ಮುಚ್ಚಳದ ಒಳಗೂ ಇದೆ. ಹಸಿರು ಉಬ್ಬುಗಳ ಅಡಿಯಲ್ಲಿ ಒಂದೊಂದು ಹಿತ್ತಾಳೆಯ ಸ್ಕ್ರೂವಿನ ತಲೆಯಿದ್ದು, ಅದರ ಮೇಲೆ ಮೇಣದಂಥ ಕಿಲುಬು ಗುಡ್ಡೆಗಟ್ಟಿದೆ. ಈಗ ನನ್ನ ಪ್ರಶ್ನೆ ಅಂಟಿನದು. ರಬ್ಬರಿನ ಕಾಂಟ್ಯಾಕ್ಟ್ ಅಂಟು ಸುಲಭವೆಂದು ಹಲವರು ಹೇಳುತ್ತಾರೆ.

ಪುಟಬಂಧ

ಪೆನ್ಸಿಲಿನ ಸಂಖ್ಯೆ ಸಿಕ್ಕಿದ್ದು ಸಂತೋಷ. ಪೆಟ್ಟಿಗೆಗೂ ಮುಚ್ಚಳಕ್ಕೂ ಜೋಡಿ ತಪ್ಪದಿರಲೆಂದು ಕೆಲಸಗಾರರು ಹಾಕಿದ ಗುರುತಿರಬೇಕು. ಅದರ ಮೇಲೆ ಉಜ್ಜಬೇಡಿ.

ಮೊದಲು ಕಿಲುಬಿನ ವಿಷಯ. ಚರ್ಮವನ್ನು ಮೆದುಗೊಳಿಸಲು ಹಾಕಿದ ಕೊಬ್ಬು ಹಿತ್ತಾಳೆಯಲ್ಲಿರುವ ತಾಮ್ರದೊಂದಿಗೆ ಕೂಡಿ ಆ ಹಸಿರು ಮೇಣವಾಗುತ್ತದೆ. ಅದನ್ನು ಹಾಗೆಯೇ ಬಿಟ್ಟು ಮೇಲೆ ಚರ್ಮ ಅಂಟಿಸುವುದೆಂದರೆ ಹಾವು ಒಳಗಿರುವಾಗ ಹುತ್ತ ಬಡಿದಂತೆ. ಕೆಲವೇ ವರ್ಷಗಳಲ್ಲಿ ಅದೇ ಜಾಗದಲ್ಲಿ ಮತ್ತೆ ಉಬ್ಬುತ್ತದೆ. ಬಿದಿರಿನ ಕಡ್ಡಿಯಿಂದ ಕೆರೆದು, ಆಲ್ಕೋಹಾಲಿನಲ್ಲಿ ಅದ್ದಿದ ಹತ್ತಿಯಿಂದ ಒರೆಸಿ, ಒಣಗಿದ ಮೇಲೆ ಸ್ಕ್ರೂವಿನ ತಲೆಗೆ ಆಲ್ಕೋಹಾಲಿನಲ್ಲಿ ಕರಗಿಸಿದ ಅರಗನ್ನು ಎರಡು ಸಲ ಹಚ್ಚಿ. ಹಿತ್ತಾಳೆಗೂ ಚರ್ಮಕ್ಕೂ ನಡುವೆ ಅದೊಂದು ತಡೆ. ಬ್ರಾಸೋದಂಥ ಪಾಲಿಶ್ ಇಲ್ಲಿ ಬೇಡ, ಅದರ ಬಿಳಿಯ ಪುಡಿ ಚರ್ಮದ ರಂಧ್ರಗಳಲ್ಲಿ ಕೂತರೆ ಮತ್ತೆ ಹೋಗುವುದಿಲ್ಲ.

ಅಂಟನ್ನು ಆರಿಸುವಾಗ ನಾನು ಮೊದಲು ಕೇಳಿಕೊಳ್ಳುವುದು, ಇದನ್ನು ಮತ್ತೊಬ್ಬರು ಬಿಡಿಸಬೇಕಾಗಿ ಬಂದರೆ ಹೇಗೆ ಬಿಡಿಸುತ್ತಾರೆ ಎಂದು. ಕಾಂಟ್ಯಾಕ್ಟ್ ಅಂಟು ತಾಗಿದ ಕ್ಷಣ ಹಿಡಿಯುತ್ತದೆ, ಚರ್ಮವನ್ನು ಒಂದು ಕೂದಲೆಳೆಯಷ್ಟೂ ಸರಿಸಲು ಬಿಡುವುದಿಲ್ಲ. ಹಳತಾದಾಗ ಹಳದಿಗಟ್ಟಿ ಜಿಗುಟು ಹಿಡಿಯುತ್ತದೆ, ತೆಗೆಯಲು ಹೋದರೆ ಮರದ ಮೈಯನ್ನೇ ಕೀಳುತ್ತದೆ. ಬಿಳಿಯ ಪಿವಿಎ ಅಂಟು ಸ್ವಲ್ಪ ಸರಿದಾಡಲು ಬಿಟ್ಟರೂ ಒಣಗಿದ ಮೇಲೆ ಸುಲಭಕ್ಕೆ ಬಿಡುವುದಿಲ್ಲ. ಆ ಕಾಲದ ಬಡಗಿಗಳು ಬಳಸಿದ್ದು ತೊಗಲನ್ನು ಕಾಯಿಸಿ ತೆಗೆದ ಅಂಟು. ಅದರ ಹರಳುಗಳನ್ನು ತಣ್ಣೀರಿನಲ್ಲಿ ಉಬ್ಬುವವರೆಗೆ ನೆನೆಸಿ, ಬಿಸಿನೀರಿನ ಪಾತ್ರೆಯೊಳಗೆ ಇನ್ನೊಂದು ಪಾತ್ರೆಯಿಟ್ಟು ಸುಮಾರು 60 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕಾಯಿಸಬೇಕು. ಕುದಿಸಿದರೆ ಅದರ ಬಲ ಹೋಗುತ್ತದೆ. ಎಷ್ಟು ವರ್ಷಗಳ ನಂತರವೂ ಬೆಚ್ಚನೆಯ ಒದ್ದೆ ಬಟ್ಟೆಗೆ ಅದು ಮಣಿಯುತ್ತದೆ.

ನನ್ನ ಕ್ರಮ ಹೀಗಿದೆ: ಮರಕ್ಕೆ ನೀರಾದ ತೊಗಲಂಟನ್ನು ಒಂದು ಸಲ ಹಚ್ಚಿ ಒಣಗಲು ಬಿಡುತ್ತೇನೆ, ಅದರಿಂದ ಮರ ಮುಂದೆ ಹಚ್ಚುವ ಅಂಟನ್ನು ಕುಡಿಯುವುದಿಲ್ಲ. ಚರ್ಮದ ಒಳಮೈಗೆ ಗೋಧಿಯ ಪಿಷ್ಟವನ್ನು ಕಾಯಿಸಿ ಮಾಡಿದ ಅಂಟನ್ನು ಹಚ್ಚಿ, ಹತ್ತು ನಿಮಿಷ ಮಡಚಿಟ್ಟು, ಮತ್ತೊಮ್ಮೆ ಹಚ್ಚಿ ಹೊದಿಸುತ್ತೇನೆ. ಪಿಷ್ಟದ ಅಂಟು ನಿಧಾನವಾದ್ದರಿಂದ ಅಂಚುಗಳನ್ನು ಹೊಂದಿಸಲು ಬೇಕಾದಷ್ಟು ಸಮಯ ಸಿಗುತ್ತದೆ.

ಚರ್ಮ ಒಗರಿನಿಂದ ಹದ ಮಾಡಿದ ಆಡಿನದಾಗಿರಲಿ, ದಪ್ಪ 0.6ರಿಂದ 0.8 ಮಿಲಿಮೀಟರ್ ಇರಲಿ. ಕ್ರೋಮಿನಲ್ಲಿ ಹದ ಮಾಡಿದ್ದು ಸ್ಪ್ರಿಂಗಿನಂತೆ ಪುಟಿದು ಮೂಲೆಗೆ ಕೂರುವುದಿಲ್ಲ, ಅದರ ಅಂಚನ್ನು ಹೆರೆಯುವುದೂ ಕಷ್ಟ. ಮಡಚುವ ಅಂಚುಗಳನ್ನು ಒಳಮೈಯಿಂದ ಹೆರೆದು ಕಾಗದದಷ್ಟು ತೆಳುವಾಗಿಸಬೇಕು. ಇಡೀ ಕೆಲಸದಲ್ಲಿ ಕೈ ಪಳಗಬೇಕಾದದ್ದು ಇದೊಂದಕ್ಕೇ. ಬೇಡದ ತುಂಡುಗಳ ಮೇಲೆ ಒಂದು ವಾರ ಅಭ್ಯಾಸ ಮಾಡಿದರೂ ಅದು ವ್ಯರ್ಥವಲ್ಲ. ಹಳೆಯ ಚರ್ಮವನ್ನೇ ಅಳತೆಯಾಗಿಟ್ಟು ಕತ್ತರಿಸಬೇಡಿ, ಅದು ಕುಗ್ಗಿರುತ್ತದೆ. ಮರದ ಮೇಲೆಯೇ ಕಾಗದವನ್ನಿಟ್ಟು ಅಳತೆ ತೆಗೆದು, ಸುತ್ತಲೂ 3 ಮಿಲಿಮೀಟರ್ ಹೆಚ್ಚು ಬಿಟ್ಟು ಕತ್ತರಿಸಿ. ಹೆಚ್ಚುವರಿಯನ್ನು ಮರುದಿನ ಅಲ್ಲಿಯೇ ಕೊಯ್ದರಾಯಿತು.

ಕಪ್ಪುಪೆಟ್ಟಿಗೆ

ಎರಡು ವಾರಗಳ ನಂತರ ಬರೆಯುತ್ತಿದ್ದೇನೆ, ಸುದ್ದಿ ಅಷ್ಟು ಒಳ್ಳೆಯದಲ್ಲ. ಹಿಂಬದಿ ಚೆನ್ನಾಗಿ ಕೂತಿತು. ಕೀಲಿನ ಬದಿಯಲ್ಲಿ ಚರ್ಮ ಬಾಗಲೆಂದು ಅದನ್ನು ನೀರಿನಲ್ಲಿ ಅದ್ದಿ, ಎಳೆದು ಕೂರಿಸಿ, ಕಬ್ಬಿಣದ ಕ್ಲಿಪ್ಪುಗಳನ್ನು ಹಾಕಿ ರಾತ್ರಿಯೆಲ್ಲ ಬಿಟ್ಟೆ. ಅಂಚಿನ ಹೆಚ್ಚುವರಿಯನ್ನು ಆಗಲೇ ಕೊಯ್ದಿದ್ದೆ. ಬೆಳಿಗ್ಗೆ ನೋಡಿದರೆ ಚರ್ಮ 2 ಮಿಲಿಮೀಟರಿನಷ್ಟು ಹಿಂದೆ ಸರಿದು ಮರ ಕಾಣುತ್ತಿದೆ. ಬಣ್ಣ ಹಾಕದ ಚರ್ಮವನ್ನು ತಂದು ಆಮೇಲೆ ಕಪ್ಪು ಮಾಡುವ ಯೋಚನೆಯಿತ್ತು. ಆ ತಿಳಿಗಂದು ಮೈಮೇಲೆ ಕ್ಲಿಪ್ ತಾಗಿದ ಕಡೆಯಲ್ಲೆಲ್ಲ ಶಾಯಿ ಚೆಲ್ಲಿದಂತೆ ಕಪ್ಪು ಕಲೆಗಳಾಗಿವೆ. ನನ್ನ ಅವಸರಕ್ಕೆ ನನಗೇ ಬೇಸರವಾಗಿದೆ.

ಪುಟಬಂಧ

ಶಾಯಿ ಚೆಲ್ಲಿದಂತೆ ಎಂದಿರಿ, ಅದು ನಿಜವಾಗಿಯೂ ಶಾಯಿಯೇ. ಚರ್ಮದಲ್ಲಿರುವ ಒಗರು ಮತ್ತು ಕಬ್ಬಿಣ ತೇವದಲ್ಲಿ ಕೂಡಿದರೆ ಕಪ್ಪಾಗುತ್ತದೆ. ಹಿಂದಿನವರು ಬರೆಯುವ ಶಾಯಿಯನ್ನು ಮಾಡುತ್ತಿದ್ದುದೂ ಇದೇ ಕೂಟದಿಂದ. ಕಬ್ಬಿಣದ ಚೂರುಗಳನ್ನು ವಿನೆಗರಿನಲ್ಲಿ ನೆನೆಸಿ ಚರ್ಮವನ್ನು ಬೇಕೆಂದೇ ಕಪ್ಪಾಗಿಸುವ ಪದ್ಧತಿಯೂ ಇದೆ. ಹೇಗೂ ಕಪ್ಪು ಮಾಡುವವರಿಗೆ ಕಲೆಯಿಂದ ಕಾಣುವ ನಷ್ಟವಿಲ್ಲ. ಆದರೆ ಕಬ್ಬಿಣ ಒಳಗುಳಿದರೆ ಚರ್ಮ ಬೇಗ ದುರ್ಬಲವಾಗುತ್ತದಾದ್ದರಿಂದ ನಾನು ಮರದ ಹಿಡಿಕ್ಲಿಪ್ಪುಗಳನ್ನೇ ಬಳಸುತ್ತೇನೆ, ಬಣ್ಣವನ್ನು ಹೊದಿಸುವ ಮೊದಲೇ ಹಾಕುತ್ತೇನೆ.

ಸರಿದದ್ದಕ್ಕೆ ಕಾರಣ ನೀವೇ ಹೇಳಿದ್ದೀರಿ. ಒದ್ದೆ ಚರ್ಮ ಎಳೆದಷ್ಟೂ ಹಿಗ್ಗುತ್ತದೆ, ಒಣಗುವಾಗ ಹಿಗ್ಗಿದ್ದನ್ನೆಲ್ಲ ವಾಪಸು ಕೇಳುತ್ತದೆ. ಅಂಟಿನಲ್ಲಿರುವ ತೇವವೇ ಅದಕ್ಕೆ ಸಾಕು, ಅದ್ದುವ ಅಗತ್ಯವಿರಲಿಲ್ಲ. ಎಳೆಯುವ ಬದಲು ಮೂಳೆಯ ಇಲ್ಲವೇ ನಯವಾದ ಮರದ ಪಟ್ಟಿಯಿಂದ ನಡುವಿನಿಂದ ಅಂಚಿನ ಕಡೆಗೆ ಒತ್ತುತ್ತ ಹೋಗಬೇಕು. ಪಿಷ್ಟದ ಅಂಟನ್ನೇ ಬಳಸಿದ್ದರೆ ಬೆಚ್ಚನೆಯ ಒದ್ದೆ ಬಟ್ಟೆಯನ್ನು ಅರ್ಧ ಗಂಟೆ ಹೊದಿಸಿಡಿ, ಇಡೀ ತುಂಡು ಎದ್ದುಬರುತ್ತದೆ. ಮರ ಪೂರ್ತಿ ಒಣಗಲು ಎರಡು ದಿನ ಬಿಟ್ಟು ಹೊಸ ತುಂಡು ಹಾಕಿ.

ತಿದಿಗಾರ

ಬೆಲೋಸಿನ ಮಾತು ಹಿಂದೆ ಬಿದ್ದಿತೆಂದು ನಡುವೆ ಬರುತ್ತಿದ್ದೇನೆ. ಕುಲುಮೆಯ ತಿದಿಗೂ ಇದಕ್ಕೂ ಹೆಸರು ಒಂದೇ ಆದರೂ ಇಲ್ಲಿ ತಡೆಯಬೇಕಾದದ್ದು ಗಾಳಿಯನ್ನಲ್ಲ, ಬೆಳಕನ್ನು. ಕತ್ತಲೆ ಕೋಣೆಯಲ್ಲಿ ಕಣ್ಣು ಒಗ್ಗುವವರೆಗೆ ಕಾದು, ಬೆಲೋಸನ್ನು ಪೂರ್ತಿ ಹಿಗ್ಗಿಸಿ, ಒಳಗೆ ಸಣ್ಣ ಟಾರ್ಚನ್ನಿಟ್ಟು, ನಿಧಾನವಾಗಿ ಮೇಲೆ ಕೆಳಗೆ ಬಾಗಿಸಿ ನೋಡಿ. ನೇರವಾಗಿದ್ದಾಗ ಮುಚ್ಚಿಕೊಳ್ಳುವ ತೂತುಗಳು ಬಾಗಿದಾಗ ನಕ್ಷತ್ರಗಳಂತೆ ಹೊಳೆಯುತ್ತವೆ. ಬಹುಪಾಲು ಮಡಿಕೆಯ ಮೂಲೆಗಳಲ್ಲಿಯೇ ಇರುತ್ತವೆ.

ಹತ್ತು ಹನ್ನೆರಡು ತೂತುಗಳಾದರೆ ತೀರ ತೆಳುವಾಗಿ ಹೆರೆದ ಚರ್ಮದ ಚೂರುಗಳನ್ನು ಒಳಗಿನಿಂದ ಅಂಟಿಸಬಹುದು. ಚೂರು ದಪ್ಪವಾದರೆ ಪ್ರತಿ ಮಡಿಕೆಯಲ್ಲೂ ಆ ದಪ್ಪ ಕೂಡುತ್ತ ಹೋಗಿ ಕ್ಯಾಮೆರಾ ಮುಚ್ಚದಂತಾಗುತ್ತದೆ. ಪ್ರತಿ ಮೂಲೆಯೂ ಸೋರುತ್ತಿದ್ದರೆ ತೇಪೆಯ ಶ್ರಮ ವ್ಯರ್ಥ. ಒಳಗೆ ಕಪ್ಪು ಹತ್ತಿಬಟ್ಟೆ, ಹೊರಗೆ ತೆಳು ಚರ್ಮ, ನಡುವೆ ಮಡಿಕೆಗೊಂದರಂತೆ ಕಾಗದದ ಪಟ್ಟಿಗಳನ್ನಿಟ್ಟು ಹೊಸದನ್ನೇ ಕಟ್ಟಬೇಕು.

ಹಿಂಬದಿಯನ್ನು ಬಿಚ್ಚಿ ಜೋಡಿಸಿದ್ದೀರಾದ್ದರಿಂದ ಇನ್ನೊಂದನ್ನೂ ಅಳೆಯಿರಿ. ಫೋಕಸ್ ನೋಡುವ ಮಬ್ಬುಗಾಜಿನ ಒರಟು ಮೈ ಲೆನ್ಸಿನ ಕಡೆಗಿರಬೇಕು, ಅದರ ಆಳವೂ ಹೋಲ್ಡರಿನಲ್ಲಿ ಪ್ಲೇಟು ಕೂರುವ ಆಳವೂ ಒಂದೇ ಆಗಿರಬೇಕು. ಚೌಕಟ್ಟಿನಡಿಗೆ ಚರ್ಮದ ಅಂಚು ಒಂದಿಷ್ಟು ನುಗ್ಗಿದರೂ ಗಾಜಿನಲ್ಲಿ ಸ್ಪಷ್ಟ ಕಂಡದ್ದು ಪ್ಲೇಟಿನಲ್ಲಿ ಮಬ್ಬಾಗುತ್ತದೆ.

ಕಪ್ಪುಪೆಟ್ಟಿಗೆ

ಕೀಲಿನ ಬದಿಯನ್ನು ಮತ್ತೆ ಹೊದಿಸಿದೆ, ಈ ಸಲ ಅಂಚು ಸರಿಯಲಿಲ್ಲ. ಹಳೆಯ ಮೂರು ಬದಿಗಳ ಪಕ್ಕದಲ್ಲಿ ಹೊಸದು ಸ್ವಲ್ಪ ಹೆಚ್ಚು ಕಪ್ಪಾಗಿ ಕಾಣುತ್ತದೆ, ಅದು ಹಾಗೆಯೇ ಇರಲಿ ಎಂದು ಬಿಟ್ಟಿದ್ದೇನೆ. ಮಬ್ಬುಗಾಜಿನ ಅಳತೆ ಸರಿಯಿದೆ. ಬೆಲೋಸಿನಲ್ಲಿ ಏಳು ತೂತುಗಳು ಸಿಕ್ಕವು, ತೇಪೆ ಹಾಕಿದೆ.

ಅದಾದ ಮೇಲೂ ಟಾರ್ಚಿನ ಪರೀಕ್ಷೆಯಲ್ಲಿ ಮೇಲ್ಭಾಗದಲ್ಲಿ ಒಂದು ಚುಕ್ಕೆ ಬೆಳಕು ಕಾಣುತ್ತಲೇ ಇತ್ತು. ಬೆಲೋಸನ್ನು ಎರಡು ಸಂಜೆ ತಡಕಾಡಿದೆ. ಕೊನೆಗೆ ನೋಡಿದರೆ ಅದು ಹಿಡಿಕೆಯ ಸ್ಕ್ರೂವಿನ ತೂತು. ಹೊಲಿಗೆ ಬಿಟ್ಟಿತೆಂದು ಹಿಡಿಕೆಯನ್ನು ಬಿಚ್ಚಿ ಪಕ್ಕಕ್ಕಿಟ್ಟಿದ್ದೆ, ತೂತು ಮರವನ್ನು ಹಾಯ್ದು ಒಳಗಿನವರೆಗೂ ಹೋಗಿತ್ತು. ಉಳಿಬಾಚಿಯವರ ರಟ್ಟಿನ ಮೇಲೆ ಆ ಸ್ಕ್ರೂ ನನ್ನನ್ನೇ ನೋಡುತ್ತ ಚುಚ್ಚಿಕೊಂಡಿತ್ತು. ಹಾಕಿದೆ, ಬೆಳಕು ನಿಂತಿತು.

ಯಾವ ಬದಿ ಹೊಸದು, ಯಾವ ಅಂಟು, ಯಾವ ವರ್ಷ ಎಂದು ಒಂದು ಚೀಟಿ ಬರೆದು ಒಳಗೆ ಇಡಬೇಕೆಂದಿದ್ದೇನೆ. ಎಲ್ಲಿ ಅಂಟಿಸಿದರೆ ಒಳ್ಳೆಯದು?

ಉಳಿಬಾಚಿ

ಅಂಟಿಸಬೇಡಿ, ಬೆಲೋಸಿಗೆ ತಾಗದಂತೆ ಮುಚ್ಚಳದ ಹಲಗೆಯ ಅಡಿಯಲ್ಲಿ ಸಿಕ್ಕಿಸಿಡಿ. ಕಪ್ಪು ಕಾಗದದಲ್ಲಿ ಸುತ್ತಿದರೆ ಬಿಳಿಯ ಕಾಗದದಿಂದ ಒಳಗೆ ಬೆಳಕು ಪ್ರತಿಫಲಿಸುವುದಿಲ್ಲ. ಮತ್ತು ಪೆನ್ನಿನಲ್ಲಿ ಬೇಡ, ತೇವಕ್ಕೆ ಹರಡೀತು. ಮೊದಲು ಮಾಡಿದವರಂತೆ ಪೆನ್ಸಿಲಿನಲ್ಲೇ ಬರೆಯಿರಿ.